ಒಣ ಬೋರಿಗೆ ಬಾಗಿನ

ಇಂಥ ಅನುಭವಗಳನ್ನು ಬೇರೆಯವರು ಬರೆದಾಗ ನಾನು ಅರ್ಧಕ್ಕೇ ಪುಟ ಮಗುಚುತ್ತಿದ್ದೆ. ಬರೆದವರು ಸುಳ್ಳುಗಾರರೆಂದು ಅನ್ನಿಸುತ್ತಿರಲಿಲ್ಲ, ಕೈಗೆ ಸಾಕಷ್ಟು ಕೆಲಸವಿಲ್ಲದವರಿಗೆ ಇವೆಲ್ಲ ಕಾಣುತ್ತವೆ ಎಂದುಕೊಳ್ಳುತ್ತಿದ್ದೆ. ನನ್ನ ತವರು ಶಿವಮೊಗ್ಗದ ರಾಗಿಗುಡ್ಡ. ಒಮ್ಮೆ ಹಬ್ಬಕ್ಕೆಂದು ಹೋಗಿದ್ದಾಗ ಪಕ್ಕದ ಮನೆಯವರು ಬೋರ್ ಹಾಕಿಸುವುದಕ್ಕೆ ಮುಂಚೆ ನೀರಿನ ಜಾಗ ತೋರಿಸುವವರೊಬ್ಬರನ್ನು ಕರೆಸಿದ್ದರು. ಅವರು ಅಂಗೈ ಮೇಲೆ ತೆಂಗಿನಕಾಯಿ ಮಲಗಿಸಿಕೊಂಡು ಸೈಟಿನ ತುಂಬ ನಡೆದರು. ಒಂದು ಮೂಲೆಯಲ್ಲಿ ಕಾಯಿ ಎದ್ದು ನಿಂತಿತೆಂದು ಎಲ್ಲರೂ ಕೈಮುಗಿದರು. ನಾನು ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕೆ. ಆಮೇಲೆ ಅಲ್ಲಿ ಬರೀ ಧೂಳು ಬಂತೆಂದು ಕೇಳಿ ಇನ್ನೊಮ್ಮೆ ನಕ್ಕೆ.

ಅಂಥವಳು ಈಗ ಇದನ್ನು ಬರೆಯುತ್ತಿದ್ದೇನೆ. ಓದಿ ನೀವೂ ನಕ್ಕರೆ ನನಗೆ ಬೇಸರವಿಲ್ಲ, ಅದು ನನಗೆ ಸಲ್ಲಬೇಕಾದದ್ದೇ. ಕತ್ತಲೆ, ಅಮಾವಾಸ್ಯೆ, ಊಳಿಡುವ ನಾಯಿ ಯಾವುದೂ ಇದರಲ್ಲಿಲ್ಲ. ನಡೆದದ್ದು ಭದ್ರಾವತಿಯ ಆಚೆ ಒಂದು ಬೋಳು ಬಯಲಿನಲ್ಲಿ, ಕಣ್ಣು ಬಿಡಲಾಗದಂಥ ಮಧ್ಯಾಹ್ನದ ಬಿಸಿಲಿನಲ್ಲಿ. ಊರಿನ ಹೆಸರು ಬರೆಯುವುದಿಲ್ಲ. ಯಾಕೆಂದು ಮುಂದೆ ನಿಮಗೇ ತಿಳಿಯುತ್ತದೆ.

ನಮ್ಮವರು ಭೂಗರ್ಭಶಾಸ್ತ್ರ ಓದಿದವರು. ನೆಲದಡಿಯ ಕಲ್ಲನ್ನು ಪರೀಕ್ಷೆ ಮಾಡುವ ಕೆಲಸ. ಹೋದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ, ಬಚ್ಚಲಲ್ಲಿ ಮುಖ ತೊಳೆಯುತ್ತಿದ್ದವರು ಹಾಗೇ ಗೋಡೆಗೆ ಒರಗಿ ಕೂತರು. ಆಸ್ಪತ್ರೆಗೆ ಹೋಗುವಷ್ಟರಲ್ಲಿ ಹೃದಯ ನಿಂತಿತ್ತು. ಶಿವಮೊಗ್ಗದ ವಿನೋಬನಗರದ ನಮ್ಮ ಮನೆಯಲ್ಲಿ ಈಗಲೂ ಕಿಟಕಿಯ ಕಟ್ಟೆಯಲ್ಲಿ, ಟಿವಿಯ ಮೇಲೆ, ಅಡುಗೆಮನೆಯ ಡಬ್ಬಗಳ ಹಿಂದೆ ಅವರು ತಂದಿಟ್ಟ ಕಲ್ಲಿನ ಚೂರುಗಳಿವೆ. ಧೂಳು ಒರೆಸುವಾಗ ಎತ್ತಿ, ಒರೆಸಿ, ಇದ್ದಲ್ಲೇ ಇಡುತ್ತೇನೆ.

ಕೆಲವು ವರ್ಷಗಳ ಹಿಂದೆ ಅವರಿಗೆ ಒಂದು ಹೊಸ ಕೆಲಸ ಬಂತು. ಏನು ಕೆಲಸವೆಂದು ಊಟಕ್ಕೆ ಕೂತಾಗ ನನಗೆ ಬಿಡಿಸಿ ಹೇಳಿದರು. "ನೋಡು, ಒಲೆ ಉರಿಸಿದ ಮೇಲೆ ಬೂದಿ ಉಳಿಯತ್ತಲ್ಲ, ಅಣು ವಿದ್ಯುತ್ತಿನಲ್ಲೂ ಹಾಗೇ. ಆದರೆ ಈ ಬೂದಿ ಆರಲ್ಲ. ನಮ್ಮ ಮೊಮ್ಮಕ್ಕಳ ಮೊಮ್ಮಕ್ಕಳ ಕಾಲಕ್ಕೂ ಆರಲ್ಲ. ಅದನ್ನ ಎಲ್ಲಾದರೂ ಹೂಳಬೇಕು. ಬಾವಿಗಿಂತ, ಬೋರಿಗಿಂತ ಆಳದಲ್ಲಿ, ಬಿರುಕಿಲ್ಲದ ಗಟ್ಟಿ ಕಲ್ಲಿನ ಹೊಟ್ಟೇಲಿ."

"ಅದಕ್ಕೆ ನಮ್ಮ ಭದ್ರಾವತಿಯೇ ಬೇಕಾ?" ಎಂದೆ.

"ಇಲ್ಲೇ ಅಂತ ಯಾರು ಹೇಳಿದ್ರು? ದೇಶದ ತುಂಬ ನೋಡ್ತಾರೆ. ಯಾವ ಕಲ್ಲು ಆಗತ್ತೆ, ಯಾವುದು ಆಗಲ್ಲ ಅಂತ ಮೊದಲು ತಿಳೀಬೇಕಲ್ಲ. ನೀರು ಕಂಡ್ರೆ ಆ ಜಾಗ ಬಿಟ್ಟುಬಿಡ್ತಾರೆ. ಕೆಳಗೆ ಹೂತಿದ್ದನ್ನ ವಾಪಸ್ ಮೇಲಕ್ಕೆ ಹೊತ್ತು ತರೋದು ನೀರೊಂದೇ."

ಹೂತ ಜಾಗವನ್ನು ಮುಂದಿನವರು ಅಗೆಯದಂತೆ ಏನು ಬೋರ್ಡು ಹಾಕಬೇಕೆಂದು ಅವರ ಮೀಟಿಂಗಿನಲ್ಲಿ ಚರ್ಚೆಯಾಗಿತ್ತಂತೆ. ಅಷ್ಟು ಸಾವಿರ ವರ್ಷಕ್ಕೆ ಯಾವ ಭಾಷೆ ಉಳಿದಿರುತ್ತದೋ ಯಾರು ಬಲ್ಲರು. "ನಮ್ಮ ಕಡೆ ಬೋರ್ಡೇ ಹಾಕಬಾರದು ಮಾರಾಯ್ತಿ" ಎಂದು ನಕ್ಕರು. "ಇಲ್ಲಿ ಕಸ ಹಾಕಬಾರದು ಅಂತ ಬರೆದ ಗೋಡೆ ಬುಡಕ್ಕೇ ನಾವು ಕಸ ಹಾಕೋದು."

ಹೀಗೆ ಭದ್ರಾವತಿಯ ಆಚೆಯ ಆ ಬಯಲಿನಲ್ಲಿ ಮೆಷಿನ್ನು ನಿಂತಿತು. ಊರಿನವರಿಗೆ 'ಕಲ್ಲಿನ ಪರೀಕ್ಷೆ' ಎಂದಷ್ಟೇ ಹೇಳಬೇಕು, ಹೆಚ್ಚಿಗೆ ಮಾತಾಡಬಾರದು ಎಂದು ಮೇಲಿನವರ ಅಪ್ಪಣೆ. ನಮ್ಮವರಿಗೆ ಇದು ಹಿಡಿಸಲಿಲ್ಲ, ಆದರೂ ಮೀರಲಿಲ್ಲ. ಅವರು ಹೇಳಿದ್ದನ್ನು ಊರಿನವರು ಕೇಳಿ ತಲೆಯಾಡಿಸಿದರು, ಆಮೇಲೆ ಅದು ನೀರಿನ ಬೋರೇ ಎಂದುಕೊಂಡರು. ಸರ್ಕಾರ ಏನು ಮಾಡುವ ಮೊದಲೂ ಪರೀಕ್ಷೆ ಎನ್ನುತ್ತದೆ ಎಂಬುದು ಅವರ ಅನುಭವ. ಆ ಊರಿನ ಹಳೆಯ ಬೋರುಗಳು ಒಂದೊಂದಾಗಿ ಬತ್ತಿದ್ದವು. ಹೆಂಗಸರು ಬೇರೆಯವರ ತೋಟದ ಪಂಪಿಗೆ ಕರೆಂಟು ಬರುವುದನ್ನು ಕಾದು ನೀರು ಹೊರುತ್ತಿದ್ದರು.

ಊರಿನವರ ನಂಬಿಕೆ ಗಟ್ಟಿಯಾಗಲು ಇನ್ನೊಂದು ಕಾರಣವಿತ್ತು. ಕಲ್ಲು ಕೊರೆಯುವಾಗ ಮೊನೆ ಕಾಯದಂತೆ ಮೇಲಿನಿಂದ ನೀರು ಬಿಡುತ್ತಲೇ ಇರಬೇಕು. ಟ್ಯಾಂಕರಿನಲ್ಲಿ ತಂದ ನೀರನ್ನು ಪಂಪು ಒಳಗೆ ತಳ್ಳುತ್ತದೆ, ಅದು ಕಲ್ಲಿನ ಹಿಟ್ಟು ಬೆರೆತು ಬೂದಿ ಬಣ್ಣವಾಗಿ ಪೈಪಿನ ಬಾಯಿಂದ ಹೊರಗೆ ಬರುತ್ತದೆ. ಊರಿನವರು ಕಂಡದ್ದು ಹೊರಗೆ ಬಂದದ್ದನ್ನು ಮಾತ್ರ. 'ನೀರು ಬಿತ್ತು' ಎಂದು ಊರೆಲ್ಲ ಸುದ್ದಿಯಾಯಿತು.

ನೀರು ಬಿದ್ದ ಮೇಲೆ ಗಂಗೆಪೂಜೆ ಆಗಬೇಕು, ಮುತ್ತೈದೆಯರು ಬಾಗಿನ ಕೊಡಬೇಕು. ಬೋರ್ ಹಾಕಿಸಿದ ಸಾಹೇಬರ ಹೆಂಡತಿ ಬರಲೇಬೇಕೆಂದು ಊರಿನವರು ಹೇಳಿ ಕಳಿಸಿದರು. ಕರೆ ಬಂದಾಗ ನಮ್ಮವರು ತಲೆ ತಗ್ಗಿಸಿ ಕೂತರು. ಅವರಿಗೆ ಬೇಕಾಗಿದ್ದದ್ದು ಒಣ ಕಲ್ಲು. ಮೇಲೆ ಬಂದ ಕಲ್ಲಿನ ದಿಂಡುಗಳಲ್ಲಿ ಒಂದು ಬಿರುಕೂ ಇಲ್ಲವೆಂದು ಹಿಂದಿನ ವಾರವಷ್ಟೇ ಖುಷಿಯಿಂದ ಬೆಣ್ಣೆ ಬಿಸ್ಕತ್ತು ತಂದಿದ್ದರು. ಅದೇ ತೂತಿಗೆ ಆ ಹೆಂಗಸರು ನೀರಿಗಾಗಿ ಮಡಿಲು ತುಂಬಲು ಹೊರಟಿದ್ದರು.

"ನೀನು ಹೋಗಿ ಮೆಲ್ಲಗೆ ಹೇಳು" ಎಂದರು. "ಹೆಂಗಸರಿಗೆ ಹೆಂಗಸರು ಹೇಳಿದ್ರೆ ಬೇರೆ. ಅದರಲ್ಲಿ ನೀರಿಲ್ಲ ಅನ್ನು, ಸಾಕು. ನಂಗೆ ಆವತ್ತು ಶಿವಮೊಗ್ಗದಲ್ಲೇ ಮೀಟಿಂಗಿದೆ."

ನೀರಿಲ್ಲವೆಂದು ಹೇಳಿ, ಯಾಕೆ ಕೊರೆಯುತ್ತಿದ್ದಾರೆಂದು ಹೇಳದೆ ಬರುವ ಕೆಲಸ. ಒಪ್ಪಿಕೊಂಡೆ.

ಶುಕ್ರವಾರ. ಭದ್ರಾವತಿಯವರೆಗೆ ಬಸ್ಸು, ಅಲ್ಲಿಂದ ಆಟೋ. ಮೆಷಿನ್ನು ಸುಮ್ಮನೆ ನಿಂತಿತ್ತು. ಪಂಪು ಕೆಟ್ಟಿತ್ತು, ಬಿಚ್ಚಿ ಮಾಚೇನಹಳ್ಳಿಯ ವರ್ಕ್‌ಶಾಪಿಗೆ ಕಳಿಸಿದ್ದರು. ಪಂಪಿಲ್ಲದ ಮೇಲೆ ಟ್ಯಾಂಕರಿಗೂ ಕೆಲಸವಿಲ್ಲ, ಅದೂ ಬಂದಿರಲಿಲ್ಲ. ಒಳಗಿದ್ದ ಕಬ್ಬಿಣದ ಸರಳುಗಳನ್ನೆಲ್ಲ ಮೇಲೆತ್ತಿ ಒಂದು ಕಡೆ ಜೋಡಿಸಿದ್ದರು. ನೆಲದಿಂದ ಮೊಣಕಾಲೆತ್ತರಕ್ಕೆ ಒಂದು ಪೈಪು ಮಾತ್ರ ನಿಂತಿತ್ತು. ಮೆಷಿನ್ನಿನ ಉಸ್ತುವಾರಿ ಸೆಲ್ವರಾಜನದು. ಭದ್ರಾವತಿಯಲ್ಲೇ ಹುಟ್ಟಿ ಬೆಳೆದ ತಮಿಳರವನು, ನಮ್ಮವರ ಜೊತೆ ಬಹಳ ವರ್ಷ ಕೆಲಸ ಮಾಡಿದವನು. ನನ್ನನ್ನು ಕಂಡು ತಾಡಪಾಲಿನ ನೆರಳಿನಿಂದ ಎದ್ದು ಬಂದ.

"ಬನ್ನಿ ಅಮ್ಮಾ. ಪೂಜೆ ಐಟಂ ಎಲ್ಲ ರೆಡಿ ಅವರದು. ನಾನು ಹೇಳಿ ಹೇಳಿ ಸಾಕಾಯ್ತು. ನೀವಾದ್ರೂ ಹೇಳಿ. ನಾನು ಟೀ ಕುಡ್ದು ಬರ್ತೀನಿ, ಇಲ್ಲಿ ನಿಂತ್ರೆ ನನ್ನ ತಲೆಗೂ ಅರಿಶಿನ ಹಾಕ್ತಾರೆ" ಎಂದು ಬೈಕ್ ಹತ್ತಿ ಹೋದ.

ಹೆಂಗಸರು ಮೊರ, ಹಸಿರು ಬಳೆ, ರವಿಕೆ ಕಣ, ಕಾಯಿ, ಹೂವು ಎಲ್ಲ ತಂದಿದ್ದರು. ಕೆಲವರ ಸೊಂಟದಲ್ಲಿ ಕೊಡವೂ ಇತ್ತು. ಅವರ ಪೈಕಿ ಹಿರಿಯಳು ಹಾಲಮ್ಮ. ಗಟ್ಟಿ ದನಿಯ, ಎತ್ತರದ ಹೆಂಗಸು. ನಾನು ಅವಳನ್ನು ಪಕ್ಕಕ್ಕೆ ಕರೆದು, ಇದರಲ್ಲಿ ನೀರಿಲ್ಲ ಹಾಲಮ್ಮ ಎಂದೆ.

"ಇಲ್ದಿದ್ರೆ ಮೊನ್ನೆ ಬಂದಿದ್ದು ಏನಮ್ಮ? ನಿಮ್ಮೆಜಮಾನ್ರು ಉಚ್ಚೆ ಹೊಯ್ದಿದ್ರಾ?" ಎಂದು ಎಲ್ಲರಿಗೂ ಕೇಳುವಂತೆ ಅಂದಳು.

"ಅದು ಟ್ಯಾಂಕರ್ ನೀರು. ಮೇಲಿಂದ ಒಳಗೆ ಬಿಡ್ತಾರೆ, ಅದೇ ವಾಪಸ್ ಬರತ್ತೆ."

"ಕೇಳ್ರೇ ಇಲ್ಲಿ! ಟ್ಯಾಂಕರಲ್ಲಿ ತಂದು ಭೂಮಿತಾಯಿಗೆ ಕುಡಿಸ್ತಾರಂತೆ, ಆಮೇಲೆ ವಾಂತಿ ಮಾಡಿಸ್ತಾರಂತೆ. ಸರ್ಕಾರದ ದುಡ್ಡು ಹೆಂಗೆಂಗೆ ಖರ್ಚಾಗ್ತದೆ ನೋಡಿ."

ಬಯಲೆಲ್ಲ ನಗು. ಅವಳು ಅಂದದ್ದರಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ. ನಾನು ಮುಂದೆ ಏನು ಹೇಳಲಿ? ನೀರಿಗಲ್ಲದಿದ್ದರೆ ಮತ್ತೇತಕ್ಕೆ ಎಂದು ಅವಳು ಒಂದು ಸಲ ಕೇಳಿದ್ದರೂ ನಾನು ಸಿಕ್ಕಿಬೀಳುತ್ತಿದ್ದೆ. ಅವಳು ಕೇಳಲಿಲ್ಲ. ನನ್ನ ಕೆನ್ನೆಗೆ ಅರಿಶಿನ ಹಚ್ಚಿದರು.

ಪೈಪಿಗೆ ಅರಿಶಿನ ಕುಂಕುಮ ಹಚ್ಚಿ, ಹೂವು ಸುತ್ತಿ, ಕಾಯಿ ಒಡೆದರು. ಆಮೇಲೆ ಬಾಗಿನ. ಕೆರೆಗೋ ಹೊಳೆಗೋ ಆದರೆ ಮೊರವನ್ನು ನೀರಿಗೇ ಬಿಡುವುದು ಪದ್ಧತಿ. ಇಲ್ಲಿ ಪೈಪಿನ ಬಾಯಿ ಒಂದು ಲೋಟದಷ್ಟು ಅಗಲ. ಏನು ಮಾಡುವುದೆಂದು ಅವರವರಲ್ಲೇ ಮಾತಾಯಿತು. ಬಳೆ ಮಾತ್ರ ಒಳಗೆ ಬಿಡೋಣ ಎಂದಳು ಒಬ್ಬಳು. ಮೆಷಿನ್ನಿಗೆ ಸಿಕ್ಕಿದರೆ ಸೆಲ್ವಣ್ಣ ಬೈತಾನೆ ಎಂದಳು ಇನ್ನೊಬ್ಬಳು. ಕೊನೆಗೆ ಹಾಲಮ್ಮ ತೀರ್ಮಾನ ಮಾಡಿದಳು.

"ಗಂಗಮ್ಮನ ಬದ್ಲು ನೀನೇ ಹಿಡ್ಕೊಳಮ್ಮ. ಕೊರೆಸಿದೋರ ಮನೆಯೋಳು. ಪೈಪಿನ ಪಕ್ಕ ನಿಂತ್ಕೊ."

ನಾನು ಬೇಡವೆಂದೆ. ಬಾಗಿನ ಬೇಡ ಅನ್ನಬಾರದು ಎಂದು ನಾಲ್ಕಾರು ದನಿ ಒಟ್ಟಿಗೆ ಎದ್ದವು. ನಿಂತೆ. ಹಾಲಮ್ಮ ಮೊರದ ಮೇಲೆ ತನ್ನ ಸೆರಗು ಹೊದಿಸಿ ನನ್ನತ್ತ ಚಾಚಿದಳು. ನಾನೂ ಸೆರಗಿನಡಿ ಎರಡು ಕೈ ಕೊಟ್ಟು ಹಿಡಿದುಕೊಂಡೆ. ಅವರಿಗೆ ನೀರು ಸಿಗದಿರಲಿ ಎಂದು ಹಾರೈಸುವ ಮನೆಯಿಂದ ಬಂದವಳು, ಅವರ ಗಂಗೆಯ ಜಾಗದಲ್ಲಿ ನಿಂತು ಬಾಗಿನ ಹಿಡಿದಿದ್ದೆ. ಮುಖ ಎತ್ತಲಾಗಲಿಲ್ಲ. ತಲೆ ತಗ್ಗಿಸಿಯೇ ಇದ್ದದ್ದರಿಂದ ನೆಲ ನನಗೆ ಚೆನ್ನಾಗಿ ಕಾಣುತ್ತಿತ್ತು.

ಮೊದಲು ಕಾಲಿನ ಬೆರಳಿಗೆ ತಂಪು ತಗಲಿತು. ಚಪ್ಪಲಿ ಬಿಟ್ಟು ನಿಂತಿದ್ದೆ, ಅಲ್ಲಿಯವರೆಗೆ ಮಣ್ಣು ಸುಡುತ್ತಿತ್ತು. ನೋಡಿದರೆ ಪೈಪಿನ ಬಾಯಿಯ ಅಂಚಿನಿಂದ ನೀರು ಇಳಿಯುತ್ತಿದೆ. ಚಿಮ್ಮುತ್ತಿರಲಿಲ್ಲ, ಸದ್ದೂ ಇರಲಿಲ್ಲ. ತುಂಬಿದ ಕೊಡದಿಂದ ಹೊರಚೆಲ್ಲುವ ಹಾಗೆ ಪೈಪಿನ ಸುತ್ತಲಿಂದ ಇಳಿದು, ಕುಂಕುಮವನ್ನು ಕರಗಿಸಿಕೊಂಡು, ನನ್ನ ಪಾದದ ಮೇಲೆ ಹಾದು ಇಳಿಜಾರಿನ ಕಡೆ ಹೋಗುತ್ತಿತ್ತು. ಬೂದಿ ಬಣ್ಣದ ನೀರು ಅದಲ್ಲ. ಪೈಪಿನ ಬಾಯಿಯಲ್ಲಿ ಒಳಗಿನ ಕಬ್ಬಿಣ ಕಾಣುವಷ್ಟು ತಿಳಿಯಾಗಿತ್ತು.

ಹೆಂಗಸರು ಕೂಗಲಿಲ್ಲ, ಬೆರಗಾಗಲಿಲ್ಲ. ಅವರ ಮಟ್ಟಿಗೆ ಅದು ನೀರಿರುವ ಬೋರು, ಪೂಜೆ ಮಾಡಿದರು, ಬಂತು. ಕೊಡ ತಂದವರು ಬಗ್ಗಿ ಹಿಡಿದುಕೊಂಡರು. "ಸಾವಕಾಶ ಕಣ್ರೇ, ಎಲ್ಲಿಗೂ ಓಡಿಹೋಗಲ್ಲ ಅವಳು" ಎಂದು ಹಾಲಮ್ಮ ಗದರಿಸಿದಳು. ಒಂದು ಬೊಗಸೆ ತಂದು ನನ್ನ ಬಾಯಿಗೇ ಹಿಡಿದಳು, ನನ್ನ ಕೈಯಲ್ಲಿ ಮೊರವಿತ್ತಲ್ಲ. ಕುಡಿದೆ. ನಮ್ಮ ನಲ್ಲಿಯ ನೀರಿಗಿಂತ ತಂಪಾಗಿತ್ತು. ರುಚಿಯಲ್ಲಿ ಬೇರೆ ವಿಶೇಷವೇನೂ ಇರಲಿಲ್ಲ.

"ನಿನ್ನ ಮುತ್ತೈದೆತನ ಗಟ್ಟಿಯಾಗಿರಲಿ" ಎಂದು ಹಾಲಮ್ಮ ಹರಸಿದಳು. ಆರತಿ ಎತ್ತಿ ಮುಗಿಸುವ ಹೊತ್ತಿಗೆ ನೀರು ತೆಳುವಾಯಿತು. ಆಮೇಲೆ ಪೈಪಿನ ಅಂಚಿನಲ್ಲಿ ಒಂದು ಹನಿ ಮಾತ್ರ ಉಳಿದಿತ್ತು, ಬಿಸಿಲಿಗೆ ಅದೂ ಆರಿತು.

ಹೆಂಗಸರು ಕೊಡ ಹೊತ್ತು ಹೊರಟ ಮೇಲೆ ಸೆಲ್ವರಾಜ ಬಂದ. ನಾನು ಹೇಳಿದ್ದನ್ನು ಕೇಳಿ ಒದ್ದೆ ನೆಲ ನೋಡಿದ. ಒಂದು ಹಗ್ಗಕ್ಕೆ ತೂಕ ಕಟ್ಟಿ ಪೈಪಿನೊಳಗೆ ಇಳಿಬಿಟ್ಟ. ನೀರು ಎಂದಿನಂತೆ ಬಹಳ ಕೆಳಗಿತ್ತು, ಅದೂ ಮೆಷಿನ್ನಿನವರೇ ಹಿಂದೆ ಸುರಿದು ಉಳಿದದ್ದು. "ಪೂಜೆಗೆ ಕೊಡಗಟ್ಟಲೆ ಹೊಯ್ದಿರ್ತಾರೆ ಅಮ್ಮಾ. ನೀವು ಬಿಸಿಲಲ್ಲಿ ಉಪವಾಸ ಬೇರೆ" ಎಂದು ಮರ್ಯಾದೆಯಿಂದಲೇ ಹೇಳಿದ. ಅವರು ತಂದಿದ್ದು ಖಾಲಿ ಕೊಡ ಎಂದು ನನಗೆ ನೆನಪಿದೆ. ಆದರೆ ಪ್ರತಿ ಕೊಡದೊಳಗೂ ನಾನು ಇಣುಕಿ ನೋಡಿರಲಿಲ್ಲ. ಒಬ್ಬ ಹುಡುಗಿ ಮೊಬೈಲಿನಲ್ಲಿ ಫೋಟೋ ತೆಗೆದಿದ್ದಳು. ಅದರಲ್ಲಿ ಮೊರವೂ ನಾನೂ ಇದ್ದೇವೆ. ಪೈಪು ಹಾಲಮ್ಮನ ಸೀರೆಯ ಮರೆಗೆ ಹೋಗಿದೆ.

ಸಂಜೆ ನಮ್ಮವರಿಗೆ ಹೇಳಿದೆ. ನಗುತ್ತಾರೆ ಎಂದುಕೊಂಡಿದ್ದೆ. ಅವರು ತಟ್ಟೆ ಸರಿಸಿ, ಕಲ್ಲನ್ನು ಕೇಳುವ ಹಾಗೆ ನನ್ನನ್ನು ಕೇಳಿದರು. ಪೈಪಿನ ಒಳಗಿಂದ ಬಂತೋ, ಪೈಪಿಗೂ ಮಣ್ಣಿಗೂ ನಡುವೆ ಬಂತೋ? ಬೆಚ್ಚಗಿತ್ತೋ, ತಣ್ಣಗಿತ್ತೋ? ಗುಳ್ಳೆ ಇತ್ತೋ? ಎಲ್ಲಕ್ಕೂ ಉತ್ತರ ಹೇಳಿದೆ. ಕೊನೆಗೆ, "ನೀನು ಇಲ್ಲದ್ದನ್ನ ಕಾಣೋಳಲ್ಲ" ಎಂದರು. ಅಷ್ಟೇ. ಎಷ್ಟೋ ವರ್ಷದ ಸಂಸಾರದಲ್ಲಿ ಅವರು ನನ್ನ ಬಗ್ಗೆ ಆಡಿದ ದೊಡ್ಡ ಮಾತು ಅದೇ ಇರಬೇಕು. ಅದನ್ನು ನಾನು ಹೇಗೆ ಉಳಿಸಿಕೊಂಡೆ ಎನ್ನುವುದೇ ಮುಂದಿನ ಕಥೆ.

ಅವರು ಮೇಲಿನವರಿಗೆ, ಅಲ್ಲಿ ನೀರು ಕಂಡಿದೆ, ಆ ಜಾಗ ಬೇಡ ಎಂದು ತಿಳಿಸಿದರು. ಉಪಕರಣ ಒಣ ಎನ್ನುತ್ತಿತ್ತು, ಕಲ್ಲು ಒಣ ಎನ್ನುತ್ತಿತ್ತು. ಇವರೊಬ್ಬರೇ ನೀರು ಎಂದರು. ಹೊರಗಿನಿಂದ ಬಂದ ಅಧಿಕಾರಿಗಳ ಜೊತೆ ದೊಡ್ಡ ವಾಗ್ವಾದವಾಯಿತಂತೆ. ಸ್ವಲ್ಪ ದಿನಕ್ಕೆ ಅವರನ್ನು ಆ ಕೆಲಸದಿಂದ ತೆಗೆದು ಆಫೀಸಿನ ಕುರ್ಚಿಗೆ ಹಾಕಿದರು. "ಒಳ್ಳೇದೇ ಆಯ್ತು ಬಿಡು, ಬಿಸಿಲಲ್ಲಿ ಎಷ್ಟು ದಿನ ಅಂತ ಅಲೀಲಿ" ಎಂದರು. ನನ್ನ ಮಾತಿಗಾಗಿ ಹೀಗಾಯಿತೆಂದು ನನಗೆ ಒಳಗೇ ಚುಚ್ಚುತ್ತಿತ್ತು. ಅವರು ಒಂದು ದಿನವೂ ಹಾಗೆ ಅನ್ನಲಿಲ್ಲ.

ಅದರ ಮೇಲೆ ಇನ್ನೊಂದು ಶುರುವಾಯಿತು. ಸುದ್ದಿ ಆ ಊರಿನಿಂದ ಭದ್ರಾವತಿಗೆ, ಭದ್ರಾವತಿಯಿಂದ ಬಸ್ಸಿನಲ್ಲಿ ಶಿವಮೊಗ್ಗಕ್ಕೆ ಬಂತು. ಬರುವಾಗ ಬಣ್ಣ ಕಟ್ಟಿಕೊಂಡು ಬಂತು. ವಿನೋಬನಗರದ ಆ ಅಮ್ಮ ನಿಂತರೆ ಒಣ ಬೋರಿನಲ್ಲೂ ನೀರು ಉಕ್ಕುತ್ತದಂತೆ! ಒಂದು ಬೆಳಗ್ಗೆ ಬಾಗಿಲು ತೆಗೆದರೆ, ಹೊಸ ಮನೆ ಕಟ್ಟಿಸುತ್ತಿದ್ದ ಯಾರೋ ಒಬ್ಬರು ಗೇಟಿನ ಬಳಿ ತೆಂಗಿನಕಾಯಿ ಹಿಡಿದು ನಿಂತಿದ್ದಾರೆ.

"ಅಕ್ಕಾ, ಏನೂ ಮಾಡೋದು ಬೇಡ. ಸೈಟಲ್ಲಿ ಬರಿಗಾಲಲ್ಲಿ ಒಂದು ಸುತ್ತು ನಡೆದುಬಿಡಿ. ಕಾರಲ್ಲೇ ಕರ್ಕೊಂಡು ಹೋಗಿ ಕಾರಲ್ಲೇ ಬಿಡ್ತೀನಿ."

ನಾನು ಬಾಗಿಲು ಹಾಕಿಕೊಂಡೆ. ಮರುವಾರ ಇನ್ನೊಬ್ಬರು ಬಂದರು. ಅಂಗಡಿಯಲ್ಲಿ ತರಕಾರಿ ಆರಿಸುತ್ತಿದ್ದರೆ ಹಿಂದಿನಿಂದ ಪಿಸುಮಾತು. ತವರಿಗೆ ಹೋದರೆ ನಮ್ಮ ಅತ್ತಿಗೆ, "ಏನಮ್ಮ ಗಂಗಮ್ಮ, ನಮ್ಮ ಸಂಪಿಗೂ ಸ್ವಲ್ಪ ಕಾಲಿಟ್ಟು ಹೋಗು, ಮೂರು ದಿನದಿಂದ ನಲ್ಲಿ ಬಂದಿಲ್ಲ" ಎಂದಳು. ಎಲ್ಲರೂ ನಕ್ಕರು. ತೆಂಗಿನಕಾಯಿ ಕಂಡು ಸೆರಗಿನ ಮರೆಯಲ್ಲಿ ನಗುತ್ತಿದ್ದವಳು ನಾನು. ಈಗ ತೆಂಗಿನಕಾಯಿ ನನ್ನ ಬಾಗಿಲಿಗೇ ಬಂದಿತ್ತು. ನಂಬಿದವರು ಕೈಮುಗಿದಾಗ ಆದ ನಾಚಿಕೆ, ನಂಬದವರು ನಕ್ಕಾಗ ಆದದ್ದಕ್ಕಿಂತ ಹೆಚ್ಚಿನದು.

ಮೂರನೆಯವರೋ ನಾಲ್ಕನೆಯವರೋ ಬಂದು ಹೋದ ದಿನ, ನಮ್ಮವರು ಒಳಗಿನಿಂದ ಏನೋ ಹೇಳಲು ಬಂದರು. "ಕೇಳಿಲ್ಲಿ, ಆ ನೀರಿನ ವಿಷಯ ನಿಂಗೊಂದು..." ಎಂದು ಶುರುಮಾಡಿದರು. ನಾನು ಸಿಡಿದೆ. "ರೀ, ನಿಮಗೆ ದೊಡ್ಡ ನಮಸ್ಕಾರ. ಇನ್ನು ಈ ಮನೇಲಿ ಆ ನೀರಿನ ಸುದ್ದಿ ಬೇಡ. ನಾನು ಸಾಯೋವರೆಗೂ ಬೇಡ" ಎಂದೆ. "ಆಯ್ತು" ಎಂದರು. ಹೇಳಿದ ಮಾತಿಗೆ ತಪ್ಪುವವರಲ್ಲ. ಮತ್ತೆ ಎತ್ತಲಿಲ್ಲ. ಸತ್ತದ್ದು ನಾನಲ್ಲ, ಅವರು.

ಅವರ ಹದಿಮೂರನೆಯ ದಿನಕ್ಕೆ ಸೆಲ್ವರಾಜ ಬಂದಿದ್ದ. ಊಟ ಮುಗಿದು ಜನ ಕರಗಿದ ಮೇಲೂ ಜಗಲಿಯಲ್ಲಿ ಕೂತೇ ಇದ್ದ. ಕಾಫಿ ಕೊಟ್ಟೆ.

"ಅಮ್ಮಾ, ನಂಗೆ ಒಂದು ಕೊರಗು" ಎಂದ. "ಸಾರ್ ಜೊತೆ ಜಗಳ ಆದ ದಿನ ಆಫೀಸರು ನನ್ನ ಕೇಳಿದ್ರು, ನೀನು ನೀರು ನೋಡಿದ್ಯಾ ಅಂತ. ನಾನು ನೋಡಿಲ್ಲ ಅಂದೆ. ನಿಜ ತಾನೇ ಅದು? ಆದ್ರೂ ಸಾರ್ ಮುಂದೆ ಹಾಗೆ ಹೇಳಿದ್ದು ಮನಸ್ಸಿಗೆ ಹಿಂಸೆ ಆಗ್ತದೆ."

"ನೀನು ನಿಜ ಹೇಳಿದೆ ಸೆಲ್ವರಾಜ್. ನೋಡಿದ್ದು ನಾನು. ನನ್ನ ಮಾತು ನಂಬಿ ಅವರು ಮರ್ಯಾದೆ ಕಳಕೊಂಡ್ರು."

ಅವನು ಲೋಟ ಕೆಳಗಿಟ್ಟ. "ನಿಮ್ಮ ಮಾತು ಬರಲೇ ಇಲ್ಲ ಅಮ್ಮಾ ಅಲ್ಲಿ. ಸಾರ್ ನಿಮ್ಮ ಹೆಸರೇ ಎತ್ತಲಿಲ್ಲ. ನಾನೇ ಕಣ್ಣಾರೆ ಕಂಡೆ ಅಂದ್ರು. ಪೈಪು ತುಂಬಿ ಹರೀತಿತ್ತು, ಕೈ ಇಟ್ಟು ನೋಡಿದೆ, ತಣ್ಣಗಿತ್ತು ಅಂದ್ರು."

ಯಾವ ದಿನ ಕಂಡೆ ಎಂದರು ಎಂದು ಕೇಳಿದೆ.

"ದಿನ ಯಾರೂ ಕೇಳಲಿಲ್ಲ. ಎಲ್ಲ ನಗೋದ್ರಲ್ಲೇ ಇದ್ರು."

ಆ ಶುಕ್ರವಾರ ಅವರು ಶಿವಮೊಗ್ಗದಲ್ಲಿದ್ದರು. ಮೀಟಿಂಗಿನ ನಡುವೆ ಹೊರಗೆ ಬಂದು ನನಗೆ ಫೋನನ್ನೂ ಮಾಡಿದ್ದರು. ಹಾಗಾದರೆ ನನ್ನನ್ನು ಅಧಿಕಾರಿಗಳ ಬಾಯಿಂದ ಉಳಿಸಲು ಅವರು ಸುಳ್ಳು ಹೇಳಿದರೇ? ಕಲ್ಲಿನ ವಿಷಯದಲ್ಲಿ ಅವರು ಸುಳ್ಳು ಹೇಳಿದ್ದನ್ನು ನಾನು ಕಂಡಿಲ್ಲ. ಊರಿನವರ ಮುಂದೆ ಬಾಯಿ ಮುಚ್ಚಿಕೊಂಡಿರಬೇಕಾದ ಅಪ್ಪಣೆಗೇ ಅವರು ರಾತ್ರಿ ಹೊರಳಾಡುತ್ತಿದ್ದರು. ಇಲ್ಲವಾದರೆ ಬೇರೆ ಯಾವುದೋ ದಿನ ಅವರೂ ಕಂಡಿದ್ದರೇ? ಕಂಡಿದ್ದರೆ ಅದನ್ನು ಮೊದಲು ಹೇಳಬೇಕಾದದ್ದು ನನಗೆ. ಹೇಳಲು ಬಂದಿದ್ದರು ಕೂಡ.

ವರ್ಷಾಂತಿಕ ಕಳೆದ ಮೇಲೆ ಒಂದು ದಿನ ಯಾರಿಗೂ ಹೇಳದೆ ಆ ಊರಿಗೆ ಹೋದೆ. ಬಯಲಿನಲ್ಲಿ ಮೆಷಿನ್ನಿಲ್ಲ. ಪೈಪನ್ನು ಮೋಟಾಗಿ ಕತ್ತರಿಸಿ ಬಾಯಿಗೆ ಸಿಮೆಂಟು ತುಂಬಿದ್ದಾರೆ. ಆ ಜಾಗವನ್ನು ಕೈಬಿಟ್ಟರೋ, ಇನ್ನೂ ಲೆಕ್ಕದಲ್ಲಿಟ್ಟಿದ್ದಾರೋ ಸೆಲ್ವರಾಜನಿಗೂ ತಿಳಿಯದು. ನನಗೆ ಹೇಳುವವರು ಯಾರು?

ಹಾಲಮ್ಮ ಮನೆಯ ಮುಂದೆ ಹುಣಸೆಹಣ್ಣು ಬಿಡಿಸುತ್ತಾ ಕೂತಿದ್ದಳು. ನನ್ನ ಹಣೆ ನೋಡಿ ವಿಷಯ ತಿಳಿದುಕೊಂಡಳು. ಎದ್ದು ಬಂದು ಕೈ ಹಿಡಿದು ಕೂರಿಸಿದಳು.

"ನೀರು ಬಂದ ಬೋರಿಗೆ ಸಿಮೆಂಟ್ ಹಾಕ್ತಾರೇನಮ್ಮ? ನಿಮ್ಮೆಜಮಾನ್ರು ಇದ್ದಿದ್ರೆ ಬಿಡ್ತಿರಲಿಲ್ಲ" ಎಂದಳು.

ಈಗಲಾದರೂ ಹೇಳಬಹುದಿತ್ತು, ಅದನ್ನು ನೀರಿಗೆಂದು ಕೊರೆದಿರಲಿಲ್ಲ ಹಾಲಮ್ಮ ಎಂದು. ಬದಲಿಗೆ, ಅವರು ಇಲ್ಲಿಗೆ ಬರ್ತಿದ್ರಾ ಎಂದು ಕೇಳಿದೆ.

"ಬರ್ತಿದ್ರಲ್ಲಮ್ಮ. ನಿನ್ನ ಪೂಜೆ ಆದ್ಮೇಲೆ ಎಷ್ಟು ಸಲ ಬಂದಿದಾರೋ. ಕೆಲಸ ಬಿಡಿಸಿದ ಮೇಲೂ ಸ್ಕೂಟರಲ್ಲಿ ಒಬ್ರೇ ಬರೋರು. ಪೈಪಿನ ಪಕ್ಕ ಟವಲ್ ಹಾಸ್ಕೊಂಡು ಕೂತಿರೋರು, ಮಧ್ಯಾಹ್ನದ ಬಿಸಿಲಲ್ಲಿ. ನಾನೇ ಮಜ್ಜಿಗೆ ಕೊಟ್ಟಿದೀನಿ." ಅವಳು ಹಣ್ಣಿನ ನಾರು ಕಿತ್ತು ಪಕ್ಕಕ್ಕೆ ಹಾಕಿದಳು. "ಒಂದಿನ ಅಂತೂ ಪ್ಯಾಂಟೆಲ್ಲ ಒದ್ದೆ ಮಾಡ್ಕೊಂಡು ನಗ್ತಾ ನಗ್ತಾ ಬಂದ್ರು. ಆವತ್ತಿನ ವಿಷಯ ನಿಂಗೆ ಹೇಳಿರ್ಬೇಕಲ್ಲ ಅವ್ರು?"

ಓದುಗರೇ, ನಾನು ಅಷ್ಟು ದೂರ ಹೋದದ್ದು ಇದೊಂದನ್ನು ತಿಳಿಯಲು. ಇಲ್ಲ, ಹೇಳಲಿಲ್ಲ, ಏನಾಯಿತು ಆವತ್ತು ಎಂದು ಕೇಳಿದ್ದರೆ ಮುಗಿದಿತ್ತು. ಆದರೆ ಗಂಡ ಅಂಥ ಮಾತನ್ನು ಹೆಂಡತಿಗೆ ಯಾಕೆ ಹೇಳಲಿಲ್ಲ ಎಂದು ಅವಳು ಕೇಳುತ್ತಿದ್ದಳು. ನಾನೇ ಬಾಯಿ ಕಟ್ಟಿಸಿದ್ದೆ ಎಂದು ಆ ಜಗಲಿಯಲ್ಲಿ ಕೂತು ನಾನು ಹೇಳಬೇಕಿತ್ತು.

"ಹೇಳಿದ್ರು" ಎಂದೆ.

"ಮತ್ತೆ! ನಿಂಗೆ ಹೇಳದೆ ಇರ್ತಾರಾ" ಎಂದು ಹಾಲಮ್ಮ ನೆಮ್ಮದಿಯಿಂದ ತಲೆಯಾಡಿಸಿ ಬೇರೆ ಮಾತಿಗೆ ಹೋದಳು.

ಇನ್ನೊಮ್ಮೆ ಹೋಗಿ ಕೇಳಬಹುದು. ಭದ್ರಾವತಿಗೆ ಬಸ್ಸು ಬೇಕಾದಷ್ಟಿವೆ. ಎರಡು ಸಲ ಬಸ್‌ಸ್ಟ್ಯಾಂಡಿನವರೆಗೆ ಹೋಗಿ ವಾಪಸ್ ಬಂದಿದ್ದೇನೆ.